ಯಾರು ಯಾವ ತಂಡಕ್ಕೆ: ಹರಾಜಿಗೆ ಮುಂಚಿನ ಲೆಕ್ಕಾಚಾರ

ಒಪ್ಪಂದ ಮುಗಿದ ಆಟಗಾರ ಮುಂದಿನ ಹಂಗಾಮಿಗೆ ಯಾವ ತಂಡ ಸೇರುತ್ತಾನೆ ಎಂದು ಮೊದಲೇ ಊಹಿಸುವುದು ಅಮೆರಿಕದ ಬೇಸ್‌ಬಾಲ್‌ ಪ್ರಿಯರಿಗೆ ಚಳಿಗಾಲದ ಹವ್ಯಾಸ. ಭಾರತದಲ್ಲಿ ಅದು ಐಪಿಎಲ್ ಹರಾಜಿನ ಹಿಂದಿನ ವಾರಗಳ ಹವ್ಯಾಸ. ಎರಡೂ ಕಡೆ ಪ್ರಶ್ನೆ ಒಂದೇ. ಉತ್ತರ ಹುಡುಕುವ ದಾರಿ ಬೇರೆ. ಅಲ್ಲಿ ಆಟಗಾರನ ಮನಸ್ಸನ್ನು ಓದಬೇಕು, ಇಲ್ಲಿ ಹರಾಜಿಗೆ ಕೂತ ಹತ್ತು ತಂಡಗಳ ಮೇಜುಗಳ ಲೆಕ್ಕವನ್ನು ಓದಬೇಕು. ಕನ್ನಡದ ಅಭಿಮಾನಿಗಳು ಪ್ರತಿ ಹರಾಜಿನಲ್ಲೂ ಎಡವುವುದು ಈ ವ್ಯತ್ಯಾಸವನ್ನು ಮರೆತು. ‘ನಮ್ಮ ಹುಡುಗ ಈ ಸಲ ಮನೆಗೆ ಬಂದೇ ಬರುತ್ತಾನೆ’ ಎಂಬ ಮಾತಿನಲ್ಲಿ ಪ್ರೀತಿ ಇದೆ, ಲೆಕ್ಕ ಇಲ್ಲ.

ಬೇಸ್‌ಬಾಲ್‌ನ ಕಥೆಯಿಂದಲೇ ಆರಂಭಿಸಿದರೆ ಐಪಿಎಲ್‌ನ ಸ್ವಭಾವ ಚೆನ್ನಾಗಿ ಕಾಣುತ್ತದೆ. ಅಮೆರಿಕದಲ್ಲಿ ಬಹಳ ಕಾಲ ಆಟಗಾರನಿಗೆ ತಂಡ ಬಿಡುವ ಹಕ್ಕೇ ಇರಲಿಲ್ಲ. ಒಪ್ಪಂದದ ಅವಧಿ ಮುಗಿದರೂ ಅವನು ಅದೇ ಮಾಲೀಕನ ಸ್ವತ್ತು. ಬೇರೆ ತಂಡಕ್ಕೆ ಅವನನ್ನು ದಾಟಿಸುವ ಹಕ್ಕೂ ಮಾಲೀಕನದೇ. 1969ರಲ್ಲಿ ಸೇಂಟ್ ಲೂಯಿಸ್ ತಂಡ ಕರ್ಟ್ ಫ್ಲಡ್ ಎಂಬ ಆಟಗಾರನನ್ನು ಫಿಲಡೆಲ್ಫಿಯಾಕ್ಕೆ ದಾಟಿಸಿದಾಗ ಆತ ಹೋಗಲು ಒಪ್ಪಲಿಲ್ಲ, ನ್ಯಾಯಾಲಯದ ಮೆಟ್ಟಿಲು ಹತ್ತಿದ. 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋತ. ಆದರೆ ಅವನು ಎತ್ತಿದ ಪ್ರಶ್ನೆ ಸಾಯಲಿಲ್ಲ. 1975ರ ಡಿಸೆಂಬರ್‌ನಲ್ಲಿ ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನಾಲಿ ಎಂಬ ಇಬ್ಬರು ಪಿಚರ್‌ಗಳ ಪರವಾಗಿ ಮಧ್ಯಸ್ಥಗಾರ ಪೀಟರ್ ಸೈಟ್ಸ್ ತೀರ್ಪು ಕೊಟ್ಟರು. ಅಲ್ಲಿಂದ ಮುಂದೆ ಆರು ವರ್ಷ ಸೇವೆ ಪೂರೈಸಿದ ಆಟಗಾರ ಸ್ವತಂತ್ರ. ಮೂವತ್ತು ತಂಡಗಳಲ್ಲಿ ಯಾರೊಂದಿಗೆ ಬೇಕಾದರೂ ಮಾತಾಡಬಹುದು, ಕಡಿಮೆ ಹಣ ಕೊಡುವವರನ್ನೂ ಆರಿಸಿಕೊಳ್ಳಬಹುದು.

ಆದ್ದರಿಂದ ಅಲ್ಲಿನ ಊಹೆಯಲ್ಲಿ ಹೆಂಡತಿಯ ಊರು, ಮಕ್ಕಳ ಶಾಲೆ, ಹವೆ, ಸಮುದ್ರ ತೀರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 2023ರ ಡಿಸೆಂಬರ್ 8ರಂದು ಜಪಾನಿನ ಶೊಹೆಯ್ ಒಟಾನಿ ಟೊರಾಂಟೊ ತಂಡ ಸೇರಲು ಹೊರಟಿದ್ದಾರೆ ಎಂಬ ಸುದ್ದಿ ಹಬ್ಬಿತು. ಕ್ಯಾಲಿಫೋರ್ನಿಯಾದಿಂದ ಟೊರಾಂಟೊಗೆ ಹಾರುತ್ತಿದ್ದ ಒಂದು ಖಾಸಗಿ ವಿಮಾನದ ಜಾಡನ್ನು ಸಾವಿರಾರು ಜನ ಹಿಡಿದು ಕೂತರು. ವಿಮಾನದಿಂದ ಇಳಿದವರು ಒಬ್ಬ ಉದ್ಯಮಿ. ಮರುದಿನ ಒಟಾನಿ ಲಾಸ್ ಏಂಜಲೀಸ್ ಡಾಜರ್ಸ್ ಜೊತೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಒಪ್ಪಂದ ಪ್ರಕಟಿಸಿದರು. ಮುಂದಿನ ವರ್ಷದ ಡಿಸೆಂಬರ್‌ನಲ್ಲಿ ಹುವಾನ್ ಸೊಟೊ ನ್ಯೂಯಾರ್ಕ್ ಮೆಟ್ಸ್ ಜೊತೆ ಹದಿನೈದು ವರ್ಷಕ್ಕೆ 76.5 ಕೋಟಿ ಡಾಲರ್‌ಗೆ ಸಹಿ ಹಾಕಿದರು. ಒಬ್ಬ ಮನುಷ್ಯನ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಹೊರಗಿನವರು ಊಹಿಸುವ ಕಷ್ಟ ಅದು.

ಐಪಿಎಲ್‌ನಲ್ಲಿ ಆ ಮನಸ್ಸಿಗೆ ಜಾಗ ಬಹಳ ಕಡಿಮೆ. ಆಟಗಾರ ಮಾಡಬಹುದಾದದ್ದು ಇಷ್ಟೇ: ಹಳೆಯ ತಂಡ ಉಳಿಸಿಕೊಳ್ಳುತ್ತೇನೆಂದರೆ ಒಲ್ಲೆ ಎನ್ನಬಹುದು, ಹರಾಜಿಗೆ ಹೆಸರು ಕೊಡಬಹುದು, ತನ್ನ ಮೂಲಬೆಲೆಯನ್ನು ನಿಗದಿತ ಹಂತಗಳಲ್ಲಿ ಆರಿಸಬಹುದು. ಸುತ್ತಿಗೆ ಬಿದ್ದ ಮೇಲೆ ಅವನು ಎಲ್ಲಿಗೆ ಎಂದು ಕೇಳುವ ಹಾಗಿಲ್ಲ. ಖರೀದಿಯಾದ ಮೇಲೆ ತಕ್ಕ ಕಾರಣವಿಲ್ಲದೆ ಹಿಂದೆ ಸರಿದರೆ ಶಿಕ್ಷೆಯೂ ಉಂಟು. ಇಂಗ್ಲೆಂಡಿನ ಹ್ಯಾರಿ ಬ್ರೂಕ್ 2025ರಲ್ಲಿ ಡೆಲ್ಲಿ ತಂಡದಿಂದ ಹಿಂದೆ ಸರಿದದ್ದಕ್ಕೆ ಎರಡು ವರ್ಷ ನಿಷೇಧಕ್ಕೆ ಒಳಗಾದರು.

ಹರಾಜು ಎಂಬುದು ಕೋಲಾರ ಜಿಲ್ಲೆಯ ಜನಕ್ಕೆ ಹೊಸ ವಿಷಯವಲ್ಲ. ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಬಂಗಾರಪೇಟೆ, ಮುಳಬಾಗಿಲು, ಮಾಲೂರು ಕಡೆಯ ರೈತ 15 ಕಿಲೋ ಬಾಕ್ಸ್‌ಗಳನ್ನು ಮಂಡಿಯಲ್ಲಿ ಇಳಿಸಿದಾಗ ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ: ಹಣ್ಣು ಎಷ್ಟು ಚೆಂದವಿದ್ದರೂ ಅವತ್ತಿನ ಬೆಲೆ ಹಣ್ಣಿನ ಮೇಲಷ್ಟೇ ನಿಂತಿಲ್ಲ. ಹೊರರಾಜ್ಯದ ವ್ಯಾಪಾರಿಗಳು ಎಷ್ಟು ಜನ ಬಂದಿದ್ದಾರೆ, ಅವರ ಲಾರಿಯಲ್ಲಿ ಇನ್ನೆಷ್ಟು ಜಾಗವಿದೆ, ಬೇರೆ ಊರಿನ ಬೆಳೆ ಏನಾಗಿದೆ ಎಂಬುದರ ಮೇಲೆ ನಿಂತಿದೆ. 2023ರ ಜುಲೈನಲ್ಲಿ ಒಂದು ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದೇ ಬಾಕ್ಸನ್ನು ರಸ್ತೆಗೆ ಸುರಿದು ಹೋದ ದಿನಗಳನ್ನೂ ಆ ರೈತರು ಕಂಡಿದ್ದಾರೆ. ಮಂಡಿಯ ಈ ತಿಳಿವಳಿಕೆಯನ್ನು ಕ್ರಿಕೆಟ್ ಹರಾಜಿಗೆ ಹಾಗೆಯೇ ಒಯ್ಯಬಹುದು. ಬೆಲೆಯನ್ನು ಕೊನೆಗೆ ನಿರ್ಧರಿಸುವವನು ಗೆದ್ದ ವ್ಯಾಪಾರಿಯಲ್ಲ, ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತು ಕೈಬಿಟ್ಟ ವ್ಯಾಪಾರಿ.

ಈ ಒಂದು ಮಾತು ಹಿಡಿತಕ್ಕೆ ಸಿಕ್ಕರೆ ಅರ್ಧ ಲೆಕ್ಕ ಮುಗಿದಂತೆ. 2024ರ ನವೆಂಬರ್‌ನಲ್ಲಿ ಸೌದಿ ಅರೇಬಿಯಾದ ಜೆದ್ದಾದಲ್ಲಿ ನಡೆದ, ತಂಡಗಳನ್ನು ಬಹುಪಾಲು ಹೊಸದಾಗಿ ಕಟ್ಟುವ ಮೆಗಾ ಹರಾಜಿನಲ್ಲಿ ವೆಂಕಟೇಶ್ ಅಯ್ಯರ್ ಅವರನ್ನು ಕೋಲ್ಕತ್ತ 23.75 ಕೋಟಿ ರೂಪಾಯಿಗೆ ಕೊಂಡಿತು. ಮೊತ್ತ ಕೇಳಿ ದೇಶವೇ ಬೆರಗಾಯಿತು. ಅಷ್ಟೆತ್ತರಕ್ಕೆ ಅದನ್ನು ಏರಿಸಿದ್ದು ಕೊನೆಯವರೆಗೂ ಪ್ಯಾಡಲ್ ಎತ್ತುತ್ತಿದ್ದ ಬೆಂಗಳೂರು. ಒಂದು ವರ್ಷ ಕಳೆದು, 2025ರ ಡಿಸೆಂಬರ್‌ನಲ್ಲಿ ಉಳಿದ ಕೆಲವೇ ಜಾಗಗಳನ್ನು ತುಂಬುವ ಅಬುಧಾಬಿಯ ಮಿನಿ ಹರಾಜಿಗೆ ಅದೇ ಆಟಗಾರ ಮತ್ತೆ ಬಂದಾಗ ಬೆಂಗಳೂರಿಗೆ 7 ಕೋಟಿಗೆ ಸಿಕ್ಕರು. ನಡುವಿನ ಹಂಗಾಮಿನಲ್ಲಿ ಅವರ ಬ್ಯಾಟ್ ಹೆಚ್ಚು ಮಾತಾಡಲಿಲ್ಲ ನಿಜ. ಆದರೆ ಬೆಲೆ ಮೂರನೇ ಒಂದು ಭಾಗಕ್ಕೂ ಕೆಳಗೆ ಇಳಿಯಲು ಅದೊಂದೇ ಸಾಲದು. ಎದುರಿಗೆ ಹಟ ಹಿಡಿದು ಕೂತ ಮತ್ತೊಂದು ಮೇಜು ಈ ಸಲ ಅಷ್ಟು ದೂರ ಬರಲಿಲ್ಲ.

ಹಾಗಾದರೆ ಮೇಜುಗಳನ್ನು ಓದುವುದು ಹೇಗೆ? ಮೊದಲು ನೋಡಬೇಕಾದದ್ದು ಜೇಬು. 2025ರ ಹಂಗಾಮಿಗೆ ಪ್ರತಿ ತಂಡಕ್ಕೂ ಒಟ್ಟು 120 ಕೋಟಿ ರೂಪಾಯಿಯ ಮಿತಿ ಇತ್ತು. ಉಳಿಸಿಕೊಂಡ ಆಟಗಾರರ ವೆಚ್ಚ ಅದರಲ್ಲೇ ಕಳೆಯಬೇಕು. ಪಂಜಾಬ್ ಇಬ್ಬರನ್ನೇ ಉಳಿಸಿಕೊಂಡು 110.5 ಕೋಟಿ ಹಿಡಿದು ಜೆದ್ದಾಕ್ಕೆ ಹೋಯಿತು. ಕೊಹ್ಲಿ, ರಜತ್ ಪಾಟೀದಾರ್, ಯಶ್ ದಯಾಳ್ ಮೂವರನ್ನು ಉಳಿಸಿಕೊಂಡ ಬೆಂಗಳೂರಿನ ಕೈಯಲ್ಲಿ 83 ಕೋಟಿ ಇತ್ತು. ಆರು ಜನರನ್ನು ಉಳಿಸಿಕೊಂಡ ರಾಜಸ್ಥಾನದ ಬಳಿ ಉಳಿದದ್ದು 41 ಕೋಟಿ. ಶ್ರೇಯಸ್ ಅಯ್ಯರ್ 26.75 ಕೋಟಿಗೆ, ಅರ್ಷದೀಪ್ ಮತ್ತು ಚಾಹಲ್ ತಲಾ 18 ಕೋಟಿಗೆ ಪಂಜಾಬ್ ಪಾಲಾದದ್ದರಲ್ಲಿ ಪವಾಡವೇನಿಲ್ಲ. ಹಣ ಎಲ್ಲಿದೆಯೋ ದುಬಾರಿ ಹೆಸರುಗಳು ಅಲ್ಲಿಗೇ ಹರಿಯುತ್ತವೆ.

ಆದರೆ ಬರಿಯ ಮೊತ್ತ ನೋಡಿದರೆ ಲೆಕ್ಕ ತಪ್ಪುತ್ತದೆ. ತಂಡದಲ್ಲಿ ಕನಿಷ್ಠ 18, ಗರಿಷ್ಠ 25 ಜನ ಇರಬೇಕು. ವಿದೇಶಿಯರು ಎಂಟಕ್ಕಿಂತ ಹೆಚ್ಚಿರಬಾರದು. ಮೈದಾನಕ್ಕಿಳಿಯುವ ಹನ್ನೊಂದರಲ್ಲಿ ನಾಲ್ವರೇ ವಿದೇಶಿಯರು. ಆದ್ದರಿಂದ ಇರುವ ಹಣವನ್ನು ತುಂಬಬೇಕಾದ ಜಾಗಗಳಿಗೆ ಹಂಚಿ ನೋಡಬೇಕು. 40 ಕೋಟಿ ಇದ್ದು ಹದಿನೈದು ಜಾಗ ತುಂಬಬೇಕಾದ ತಂಡಕ್ಕಿಂತ, 20 ಕೋಟಿ ಇದ್ದು ಎರಡೇ ಜಾಗ ಖಾಲಿ ಇರುವ ತಂಡ ಒಬ್ಬ ಆಟಗಾರನ ಮಟ್ಟಿಗೆ ಹೆಚ್ಚು ಶ್ರೀಮಂತ. ಮಿನಿ ಹರಾಜಿನಲ್ಲಿ ಬೆಲೆಗಳು ಹುಚ್ಚೆದ್ದು ಕುಣಿಯುವುದಕ್ಕೆ ಇದೇ ಕಾರಣ. 2021ರಲ್ಲಿ ಕ್ರಿಸ್ ಮಾರಿಸ್‌ಗೆ 16.25 ಕೋಟಿ, 2022ರ ಡಿಸೆಂಬರ್‌ನಲ್ಲಿ ಸ್ಯಾಮ್ ಕರನ್‌ಗೆ 18.5 ಕೋಟಿ, 2023ರ ಡಿಸೆಂಬರ್‌ನಲ್ಲಿ ಮಿಚೆಲ್ ಸ್ಟಾರ್ಕ್‌ಗೆ 24.75 ಕೋಟಿ: ಆಯಾ ಕಾಲದ ಈ ದಾಖಲೆಗಳೆಲ್ಲ ಹುಟ್ಟಿದ್ದು ಮಿನಿ ಹರಾಜಿನಲ್ಲಿ. ಬೇಕಾದದ್ದು ಒಬ್ಬನೇ, ಬೇಕೆನ್ನುವವರು ಮೂವರು, ಮೂವರಿಗೂ ಬೇರೆ ಖರ್ಚಿಲ್ಲ.

ಎರಡನೆಯದು ತಂಡದಲ್ಲಿನ ಖಾಲಿ ಜಾಗ. ಅಭಿಮಾನಿ ಹೆಸರುಗಳನ್ನು ನೋಡುತ್ತಾನೆ, ತಂಡದವರು ಕೆಲಸಗಳನ್ನು ನೋಡುತ್ತಾರೆ. ಕೊನೆಯ ನಾಲ್ಕು ಓವರ್ ಎಸೆಯುವವನು ಯಾರು, ಎಡಗೈ ಸ್ಪಿನ್ನರ್ ಇದ್ದಾನೆಯೇ, ವಿಕೆಟ್ ಕೀಪರ್ ಬ್ಯಾಟಿಂಗ್‌ನಲ್ಲಿ ಎಷ್ಟನೇ ಕ್ರಮಾಂಕಕ್ಕೆ ಬರುತ್ತಾನೆ ಎಂಬಂತಹ ಪ್ರಶ್ನೆಗಳವು. ಹೊರಗಿನ ನಾಲ್ವರು ಎಂಬ ಮಿತಿ ಇರುವುದರಿಂದ ಒಳ್ಳೆಯ ಭಾರತೀಯ ವೇಗಿ, ಒಳ್ಳೆಯ ಭಾರತೀಯ ಆಲ್‌ರೌಂಡರ್ ಯಾವಾಗಲೂ ಅಪರೂಪ. ಕರ್ನಾಟಕದ ಕೃಷ್ಣಪ್ಪ ಗೌತಮ್ ಅವರ ಉದಾಹರಣೆ ಇಲ್ಲಿ ಕಣ್ಣು ತೆರೆಸುವಂಥದ್ದು. 2021ರ ಹರಾಜಿನಲ್ಲಿ ಅವರ ಮೂಲಬೆಲೆ 20 ಲಕ್ಷ. ಆಫ್‌ ಸ್ಪಿನ್ ಹಾಕುವ, ಕೆಳ ಕ್ರಮಾಂಕದಲ್ಲಿ ಸಿಕ್ಸರ್ ಹೊಡೆಯುವ ಭಾರತೀಯ ಆಗ ಪಟ್ಟಿಯಲ್ಲಿ ಬೆರಳೆಣಿಕೆ. ಕೋಲ್ಕತ್ತ, ಹೈದರಾಬಾದ್ ಪೈಪೋಟಿಗೆ ಬಿದ್ದವು. ತಡವಾಗಿ ಕೈ ಎತ್ತಿದ ಚೆನ್ನೈ 9.25 ಕೋಟಿಗೆ ಕೊಂಡಿತು. ಭಾರತ ತಂಡಕ್ಕೆ ಇನ್ನೂ ಆಡದ ಭಾರತೀಯ ಆಟಗಾರನಿಗೆ ಅಲ್ಲಿಯವರೆಗೆ ಅಷ್ಟು ಹಣ ಸಿಕ್ಕಿರಲಿಲ್ಲ. ಆ ಹಂಗಾಮಿನಲ್ಲಿ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. ಮರುವರ್ಷ ಲಖನೌ ಅವರನ್ನು 90 ಲಕ್ಷಕ್ಕೆ ಪಡೆಯಿತು. ಆಟಗಾರ ಅದೇ, ಬೌಲಿಂಗ್ ಅದೇ; ಬದಲಾದದ್ದು ಸುತ್ತಲಿನ ಕೊರತೆ.

ಇದಕ್ಕಿಂತ ಮುಂಚಿನ ಇನ್ನೊಂದು ಪ್ರಕರಣವೂ ನೆನಪಿನಲ್ಲಿ ಉಳಿಯುವಂಥದ್ದು. 2015ರಲ್ಲಿ ಕೆ.ಸಿ. ಕಾರ್ಯಪ್ಪ ಎಂಬ ಲೆಗ್‌ ಸ್ಪಿನ್ನರ್ ಒಂದೂ ಪ್ರಥಮ ದರ್ಜೆ ಪಂದ್ಯ ಆಡಿರಲಿಲ್ಲ. ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಬಿಜಾಪುರ ಬುಲ್ಸ್ ಪರ ಎಸೆದ ಚೆಂಡುಗಳಷ್ಟೇ ಅವರ ದಾಖಲೆ. ಕೋಲ್ಕತ್ತ 2.4 ಕೋಟಿ ಕೊಟ್ಟಿತು. ದೊಡ್ಡ ಅಂಕಿಅಂಶಗಳನ್ನು ಮಾತ್ರ ನೋಡುವವರಿಗೆ ಅಂಥ ಆಟಗಾರ ಕಾಣುವುದೇ ಇಲ್ಲ. ತಂಡಗಳ ಪ್ರತಿಭಾನ್ವೇಷಕರು ಸಣ್ಣ ಮೈದಾನಗಳ ಬದಿಯಲ್ಲಿ ಕೂತು ನೋಡಿರುತ್ತಾರೆ. ಊಹಿಸುವವನೂ ಮಹಾರಾಜ ಟ್ರೋಫಿಯಂತಹ ರಾಜ್ಯಮಟ್ಟದ ಟೂರ್ನಿಗಳನ್ನು ನೋಡದೆ ವಿಧಿಯಿಲ್ಲ.

ಮೂರನೆಯ ಅಂಶ ಮೇಜಿನ ಸುತ್ತ ಕೂತವರು. ತರಬೇತುದಾರ ತನಗೆ ಗೊತ್ತಿರುವ ಹುಡುಗರ ಕಡೆಗೆ ವಾಲುತ್ತಾನೆ. ಇದು ದೌರ್ಬಲ್ಯವೇನಲ್ಲ, ಅಪರಿಚಿತನಿಗಿಂತ ಪರಿಚಿತನ ಮೇಲೆ ಕೋಟಿ ಸುರಿಯುವುದು ಸಹಜ. ರಿಕಿ ಪಾಂಟಿಂಗ್ ತರಬೇತಿಯ ಡೆಲ್ಲಿಯನ್ನು ಶ್ರೇಯಸ್ ಅಯ್ಯರ್ 2020ರ ಫೈನಲ್‌ಗೆ ನಾಯಕರಾಗಿ ಕೊಂಡೊಯ್ದಿದ್ದರು. ಪಾಂಟಿಂಗ್ ಪಂಜಾಬ್‌ಗೆ ಬಂದ ಮೇಲೆ ಶ್ರೇಯಸ್ ಎಲ್ಲಿಗೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇತ್ತು. 2019ರ ಅಕ್ಟೋಬರ್‌ನಲ್ಲಿ ಅನಿಲ್ ಕುಂಬ್ಳೆ ಪಂಜಾಬ್ ತಂಡದ ಮುಖ್ಯ ತರಬೇತುದಾರರಾದರು. ಮುಂದಿನ ತಿಂಗಳೇ ಕರ್ನಾಟಕದ ಇಬ್ಬರು ಸ್ಪಿನ್ನರ್‌ಗಳು, ರಾಜಸ್ಥಾನದಿಂದ ಗೌತಮ್ ಮತ್ತು ಡೆಲ್ಲಿಯಿಂದ ಜೆ. ಸುಚಿತ್, ವಿನಿಮಯದಲ್ಲಿ ಅಲ್ಲಿಗೆ ಬಂದರು. ಕೆ.ಎಲ್. ರಾಹುಲ್, ಮಯಂಕ್ ಅಗರವಾಲ್, ಕರುಣ್ ನಾಯರ್ ಮೊದಲೇ ಅಲ್ಲಿದ್ದರು. ಹಾಗಾಗಿ ಪಂಜಾಬ್ ತಂಡದಲ್ಲಿ ಆ ವರ್ಷ ಕನ್ನಡ ಕೇಳಿಸುವಷ್ಟು ಜನರಿದ್ದರು. ಊರಿನ ಬಾಂಧವ್ಯ ಕೆಲಸ ಮಾಡುವುದಿದ್ದರೆ ಹೀಗೆ, ಮೇಜಿನಲ್ಲಿ ಕೂತ ವ್ಯಕ್ತಿಯ ಮೂಲಕ ಮಾಡುತ್ತದೆ. ತಂಡದ ಹೆಸರಿನಲ್ಲಿರುವ ಊರಿನ ಮೂಲಕ ಮಾಡುವುದು ವಿರಳ.

ರೈಟ್ ಟು ಮ್ಯಾಚ್, ಅಂದರೆ ಆರ್‌ಟಿಎಂ ಕಾರ್ಡ್, ಈ ಲೆಕ್ಕಕ್ಕೆ ಇನ್ನೊಂದು ಗಂಟು ಹಾಕುತ್ತದೆ. 2014ರಲ್ಲಿ ಬಂದ ಈ ನಿಯಮದಂತೆ ಹರಾಜಿನ ಕೊನೆಯ ಮೊತ್ತವನ್ನು ತಾನೇ ಕೊಡುತ್ತೇನೆಂದು ಹಳೆಯ ತಂಡ ಆಟಗಾರನನ್ನು ಮರಳಿ ಪಡೆಯಬಹುದಿತ್ತು. 2025ರ ಹಂಗಾಮಿನ ಮೆಗಾ ಹರಾಜಿಗೆ ಒಂದು ತಿರುವು ಸೇರಿಸಿದರು: ಹಳೆಯ ತಂಡ ಕಾರ್ಡ್ ತೋರಿಸಿದರೆ, ಗೆಲ್ಲುತ್ತಿದ್ದ ತಂಡ ಒಮ್ಮೆ ತನಗೆ ಬೇಕಾದಷ್ಟು ಬೆಲೆ ಏರಿಸಬಹುದು, ಹಳೆಯ ತಂಡ ಆ ಮೊತ್ತವನ್ನು ಕೊಡಬೇಕು, ಇಲ್ಲವೇ ಬಿಡಬೇಕು. ರಿಷಭ್ ಪಂತ್ ಅವರಿಗೆ ಲಖನೌ 20.75 ಕೋಟಿ ಕೂಗಿತ್ತು. ಡೆಲ್ಲಿ ಕಾರ್ಡ್ ಎತ್ತಿತು. ಲಖನೌ ಒಂದೇ ಜಿಗಿತಕ್ಕೆ 27 ಕೋಟಿ ಎಂದಿತು. ಡೆಲ್ಲಿ ಕೈಬಿಟ್ಟಿತು. ಐಪಿಎಲ್ ಹರಾಜಿನ ಅತಿ ದೊಡ್ಡ ಮೊತ್ತ ಹುಟ್ಟಿದ್ದು ಹೀಗೆ, ನಿಯಮದ ಒಂದು ಸಾಲಿನಿಂದ. ತಂಡ ಯಾವುದೆಂದು ಸರಿಯಾಗಿ ಹೇಳಿದವರೂ ಬೆಲೆಯನ್ನು ಹೇಳಿರಲು ಸಾಧ್ಯವಿರಲಿಲ್ಲ.

ಹೆಸರು ಕೂಗುವ ಕ್ರಮವೂ ಮುಖ್ಯ. ಮೊದಲ ದಿನ ಬೆಳಗ್ಗೆ ಜೇಬು ತುಂಬಿರುತ್ತದೆ, ಕೈ ಧಾರಾಳ. ಎರಡನೆಯ ದಿನ ಸಂಜೆ ಅದೇ ಮೇಜಿನಲ್ಲಿ ಐದು ಲಕ್ಷಕ್ಕೂ ಪಿಸುಪಿಸು ಚರ್ಚೆ. ದೇವದತ್ತ ಪಡಿಕ್ಕಲ್ 2022ರಲ್ಲಿ 7.75 ಕೋಟಿಗೆ ರಾಜಸ್ಥಾನಕ್ಕೆ ಹೋದವರು. ಜೆದ್ದಾದಲ್ಲಿ ಮೊದಲ ಸುತ್ತಿನಲ್ಲಿ ಯಾರೂ ಕೊಳ್ಳಲಿಲ್ಲ, ಮತ್ತೆ ಹೆಸರು ಬಂದಾಗ ಬೆಂಗಳೂರು 2 ಕೋಟಿಯ ಮೂಲಬೆಲೆಗೇ ಪಡೆಯಿತು. ಆದ್ದರಿಂದ ‘ಮಾರಾಟವಾಗಲಿಲ್ಲ’ ಎಂಬ ಮೊದಲ ಸುದ್ದಿಯನ್ನು ಕೊನೆಯ ಸುದ್ದಿ ಎಂದು ತಿಳಿಯಬಾರದು. 2018ರಲ್ಲಿ ಕ್ರಿಸ್ ಗೇಲ್ ಎರಡು ಸಲ ಕೂಗಿದರೂ ಹೋಗದೆ, ಮೂರನೆಯ ಸಲ 2 ಕೋಟಿಗೆ ಪಂಜಾಬ್ ಸೇರಿದರು.

ಮೈದಾನದ ಗುಣವನ್ನು ಹಲವರು ಹೆಚ್ಚು ಹೇಳುತ್ತಾರೆ. ಚಿನ್ನಸ್ವಾಮಿಯಲ್ಲಿ ಬೌಂಡರಿ ಹತ್ತಿರ, ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಚೆಂಡು ದೂರ ಹಾರುತ್ತದೆ. ಚೆಪಾಕ್‌ನಲ್ಲಿ ಸ್ಪಿನ್ ತಿರುಗುತ್ತದೆ. ಇದು ನಿಜವಾದರೂ ತಂಡವೊಂದು ಅರ್ಧದಷ್ಟು ಪಂದ್ಯಗಳನ್ನು ಹೊರಗೆ ಆಡುತ್ತದೆ. ಇದನ್ನು ಕೊನೆಯ ಸಣ್ಣ ತೂಕವಾಗಿ ಇಟ್ಟುಕೊಂಡರೆ ಸಾಕು.

ಕೋಲಾರ ಜಿಲ್ಲೆಯ ಆಂಡರ್ಸನ್‌ಪೇಟೆಯಂತಹ ಕಡೆ ಹರಾಜಿನ ದಿನದ ಮಾತು ಬೇರೆ ಊರುಗಳಂತೆ ಒಂದೇ ತಂಡದ ಸುತ್ತ ಸುತ್ತುವುದು ಕಷ್ಟ. ಕೆಜಿಎಫ್‌ನ ಚಿನ್ನದ ಗಣಿಗಳಿಗಾಗಿ ತಮಿಳು, ತೆಲುಗು, ಕನ್ನಡ ಮಾತಾಡುವವರು ಬಂದು ನೆಲೆಸಿದ ಪ್ರದೇಶ ಅದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಸಾವಿರಾರು ಜನರ ಬದುಕು ಬೆಂಗಳೂರಿನ ಕಡೆಗೆ ತಿರುಗಿತು. ಮಾರಿಕುಪ್ಪಂನಿಂದ ಬಂಗಾರಪೇಟೆ ಮೇಲೆ ಹೋಗುವ ರೈಲುಗಳು ದಿನವೂ ಅವರನ್ನು ಒಯ್ದು ತರುತ್ತವೆ. ಮನೆಯ ಭಾಷೆ ಒಂದು, ಅನ್ನದ ಊರು ಇನ್ನೊಂದು. ಬೆಂಗಳೂರು, ಚೆನ್ನೈ, ಹೈದರಾಬಾದ್ ಮೂರೂ ಪಕ್ಕದ ತಂಡಗಳೇ. ಇಂಥ ಊರಿನವರಿಗೆ ಹರಾಜಿನ ಸ್ವಭಾವ ಅರ್ಥವಾಗುವುದು ಸುಲಭ, ಏಕೆಂದರೆ ಕೆಲಸ ಎಲ್ಲಿದೆಯೋ ಮನುಷ್ಯ ಅಲ್ಲಿಗೆ ಹೋಗುತ್ತಾನೆ ಎಂಬುದು ಅವರ ಮನೆಮನೆಯ ಅನುಭವ. ಕಬಡ್ಡಿಯ ಪವನ್ ಸೆಹ್ರಾವತ್ ಕಥೆಯೂ ಈ ಮೂರು ಊರುಗಳನ್ನೇ ಸುತ್ತಿತು. ಬೆಂಗಳೂರು ಬುಲ್ಸ್‌ಗೆ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದುಕೊಟ್ಟ ಅವರನ್ನು 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿಗೆ, 2023ರಲ್ಲಿ ತೆಲುಗು ಟೈಟನ್ಸ್ 2.605 ಕೋಟಿಗೆ ಕೊಂಡವು.

ರಾಜ್ಯದೊಳಗಿನ ಹರಾಜಿನಲ್ಲೂ ಹುಟ್ಟೂರಿನ ಹಿಡಿತ ಸಡಿಲವೇ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಮಹಾರಾಜ ಟ್ರೋಫಿಯಲ್ಲಿ ಆರು ತಂಡಗಳು: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಕಲಬುರಗಿ. ಕೋಲಾರದ ಹೆಸರಿನ ತಂಡವಿಲ್ಲ. 2024ರಲ್ಲಿ ರಾಹುಲ್ ದ್ರಾವಿಡ್ ಅವರ ಮಗ ಸಮಿತ್ 50 ಸಾವಿರ ರೂಪಾಯಿಗೆ ಮೈಸೂರು ಪಾಲಾದರು; 2025ರಲ್ಲಿ ಪಡಿಕ್ಕಲ್ 13.20 ಲಕ್ಷಕ್ಕೆ ಹುಬ್ಬಳ್ಳಿಗೆ ಹೋದರು. ಇಬ್ಬರೂ ಬೆಂಗಳೂರಿನಲ್ಲಿ ಆಟ ಕಲಿತವರು.

ಬೆಂಗಳೂರಿನ ಐಪಿಎಲ್ ತಂಡ ತನ್ನೂರಿನವರನ್ನು ಉಳಿಸಿಕೊಂಡ ಬಗೆ ನೋಡಿದರೆ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. 2008ರ ಫೆಬ್ರವರಿ 20ರಂದು ಮುಂಬೈನಲ್ಲಿ ನಡೆದ ಮೊದಲ ಹರಾಜಿನಲ್ಲಿ ದ್ರಾವಿಡ್ ಬೆಂಗಳೂರಿನ ಐಕಾನ್ ಆಟಗಾರ. ಐಕಾನ್‌ಗಳು ಹರಾಜಿಗೆ ಬರದೆ ಊರಿನ ತಂಡಕ್ಕೇ ಮೀಸಲು. ಕುಂಬ್ಳೆ 5 ಲಕ್ಷ ಡಾಲರ್‌ಗೆ ಬಂದರು. ಮೂರು ವರ್ಷ ಕಳೆದು 2011ರ ಜನವರಿಯಲ್ಲಿ ಹರಾಜು ಬೆಂಗಳೂರಿಗೇ ಬಂದಾಗ ತಂಡ ಉಳಿಸಿಕೊಂಡದ್ದು ಒಬ್ಬರನ್ನೇ, ವಿರಾಟ್ ಕೊಹ್ಲಿಯನ್ನು. ದ್ರಾವಿಡ್ 5 ಲಕ್ಷ ಡಾಲರ್‌ಗೆ ರಾಜಸ್ಥಾನಕ್ಕೆ ಹೋದರು, ರಾಬಿನ್ ಉತ್ತಪ್ಪ 21 ಲಕ್ಷ ಡಾಲರ್‌ಗೆ ಪುಣೆಗೆ. 2014ರಲ್ಲಿ ಬೆಂಗಳೂರು ಯುವರಾಜ್ ಸಿಂಗ್‌ಗೆ 14 ಕೋಟಿ ಸುರಿಯಿತು. ಅದೇ ಹರಾಜಿನಲ್ಲಿ ಉತ್ತಪ್ಪ 5 ಕೋಟಿಗೆ, ಮನೀಶ್ ಪಾಂಡೆ 1.7 ಕೋಟಿಗೆ ಕೋಲ್ಕತ್ತಕ್ಕೆ ಹೋದರು. ಆ ವರ್ಷ ಉತ್ತಪ್ಪ 660 ರನ್ ಹೊಡೆದು ಎಲ್ಲರಿಗಿಂತ ಮುಂದಿದ್ದರು. ಜೂನ್ 1ರಂದು ಚಿನ್ನಸ್ವಾಮಿ ಮೈದಾನದಲ್ಲೇ ನಡೆದ ಫೈನಲ್‌ನಲ್ಲಿ ಪಾಂಡೆ 94 ರನ್ ಗಳಿಸಿ ಕೋಲ್ಕತ್ತಕ್ಕೆ ಕಪ್ ಗೆದ್ದುಕೊಟ್ಟರು. ಆ ಸಂಜೆ ಬೆಂಗಳೂರಿನ ಅಭಿಮಾನಿಗೆ ಆದ ನೋವು ಚಿಕ್ಕದಲ್ಲ; ಊಹೆ ಮಾಡುವವನು ಮಾತ್ರ ಅದನ್ನು ಪಕ್ಕಕ್ಕಿಟ್ಟು ಮುಂದಿನ ಹರಾಜನ್ನು ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ಊಹೆಗಳನ್ನು ಮಣ್ಣುಪಾಲು ಮಾಡಿದ ಹೆಸರು ಕೆ.ಎಲ್. ರಾಹುಲ್. ಅವರು ಐಪಿಎಲ್ ಆರಂಭಿಸಿದ್ದು 2013ರಲ್ಲಿ ಬೆಂಗಳೂರಿಗೆ. 2014ರಲ್ಲಿ 1 ಕೋಟಿಗೆ ಹೈದರಾಬಾದ್. 2016ರಲ್ಲಿ ವಿನಿಮಯದ ಮೂಲಕ ಮರಳಿ ಬೆಂಗಳೂರಿಗೆ ಬಂದು ತಂಡವನ್ನು ಫೈನಲ್ ಮುಟ್ಟಿಸಿದವರಲ್ಲಿ ಒಬ್ಬರಾದರು. 2018ರ ಮೆಗಾ ಹರಾಜಿಗೆ ಮುನ್ನ ಬೆಂಗಳೂರು ಕೊಹ್ಲಿ, ಡಿವಿಲಿಯರ್ಸ್ ಜೊತೆಗೆ ಸರ್ಫರಾಜ್ ಖಾನ್ ಅವರನ್ನು ಉಳಿಸಿಕೊಂಡಿತು, ರಾಹುಲ್ ಅವರನ್ನು ಬಿಟ್ಟಿತು. ಹರಾಜು ನಡೆದದ್ದೂ ಬೆಂಗಳೂರಿನಲ್ಲೇ. ಪಂಜಾಬ್ 11 ಕೋಟಿ ಎಂದಾಗ ಆರ್‌ಟಿಎಂ ಕಾರ್ಡ್ ಇದ್ದರೂ ಬೆಂಗಳೂರು ಎತ್ತಲಿಲ್ಲ. ಆ ದಿನ ಕಾರ್ಡ್ ಚಾಹಲ್‌ಗಾಗಿ ಖರ್ಚಾಯಿತು. ಆ ಹಂಗಾಮಿನಲ್ಲಿ ರಾಹುಲ್ ಪಂಜಾಬ್‌ಗೆ 659 ರನ್ ಗಳಿಸಿದರು. ಅವರನ್ನು ಬಿಟ್ಟದ್ದು ತಪ್ಪು ಲೆಕ್ಕ ಎಂದು ಇಂದು ಧೈರ್ಯವಾಗಿ ಹೇಳಬಹುದು. 2022ರಲ್ಲಿ ಹೊಸ ತಂಡ ಲಖನೌ ಹರಾಜಿಗೂ ಮುನ್ನವೇ 17 ಕೋಟಿ ಕೊಟ್ಟು ಅವರನ್ನು ನಾಯಕರನ್ನಾಗಿಸಿತು.

2024ರ ಕೊನೆಗೆ ಲಖನೌ ಬಿಟ್ಟುಕೊಟ್ಟಾಗ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಎಲ್ಲರ ಊಹೆಯೂ ಒಂದೇ ಆಗಿತ್ತು: ಈ ಸಲ ಬೆಂಗಳೂರು. ಕಾರಣಗಳು ಚೆನ್ನಾಗಿಯೇ ಇದ್ದವು. ತಂಡಕ್ಕೆ ವಿಕೆಟ್ ಕೀಪರ್ ಬೇಕಿತ್ತು, ಆರಂಭಿಕ ಬೇಕಿತ್ತು, 83 ಕೋಟಿ ಇತ್ತು. ಜೆದ್ದಾದಲ್ಲಿ ಬೆಂಗಳೂರು ಪ್ಯಾಡಲ್ ಎತ್ತಿತು ಕೂಡ. ಮಧ್ಯದಲ್ಲಿ ನಿಲ್ಲಿಸಿತು. ಡೆಲ್ಲಿ, ಚೆನ್ನೈ ಮುಂದುವರಿದವು; 14 ಕೋಟಿಗೆ ಡೆಲ್ಲಿ ಪಡೆಯಿತು. ಬೆಂಗಳೂರು ಅದೇ ಜಾಗಗಳಿಗೆ ಫಿಲ್ ಸಾಲ್ಟ್ ಅವರನ್ನು 11.5 ಕೋಟಿಗೆ, ಜಿತೇಶ್ ಶರ್ಮಾ ಅವರನ್ನು 11 ಕೋಟಿಗೆ ತುಂಬಿಕೊಂಡಿತು. ಉಳಿದ ಹಣದಲ್ಲಿ ಹೇಜಲ್‌ವುಡ್ ಮತ್ತು ಭುವನೇಶ್ವರ್ ಕುಮಾರ್ ಬಂದರು. ಖಾಲಿ ಜಾಗವನ್ನು ಅಭಿಮಾನಿಗಳು ಸರಿಯಾಗಿಯೇ ಗುರುತಿಸಿದ್ದರು. ಆ ಜಾಗವನ್ನು ಬೇರೆ ದಾರಿಯಲ್ಲೂ ತುಂಬಬಹುದು ಎಂಬುದನ್ನು ಎಣಿಸಿರಲಿಲ್ಲ. ಊಹೆಯಲ್ಲಿ ಅತಿ ಸಾಮಾನ್ಯವಾಗಿ ಆಗುವ ತಪ್ಪು ಇದೇ.

2025ರ ಏಪ್ರಿಲ್ 10ರಂದು ಡೆಲ್ಲಿ ಪರ ಚಿನ್ನಸ್ವಾಮಿಗೆ ಬಂದ ರಾಹುಲ್ ಅಜೇಯ 93 ರನ್ ಹೊಡೆದು ಬೆಂಗಳೂರನ್ನು ಸೋಲಿಸಿದರು. ಗೆದ್ದ ಕೂಡಲೇ ಬ್ಯಾಟಿನಿಂದ ನೆಲದಲ್ಲಿ ವೃತ್ತ ಬರೆದು, ಇದು ನನ್ನ ಜಾಗ ಎಂಬಂತೆ ಬ್ಯಾಟನ್ನು ನಡುವೆ ಊರಿದರು. ಅದಕ್ಕೆ ‘ಕಾಂತಾರ’ ಚಿತ್ರವೇ ಪ್ರೇರಣೆ ಎಂದು ಅವರೇ ಹೇಳಿದರು. ಮೈದಾನ ಅವರದೇ, ಅಂಗಿ ಬೇರೆ ಊರಿನದು.

ಟಿವಿ ವಾಹಿನಿಗಳು ನಡೆಸುವ ಅಣಕು ಹರಾಜುಗಳು ಯಾಕೆ ನಿಜದ ಹರಾಜಿಗೆ ಹೊಂದುವುದಿಲ್ಲ ಎಂಬುದೂ ಇಲ್ಲಿಂದ ತಿಳಿಯುತ್ತದೆ. ಅಲ್ಲಿ ಕೂತವರಿಗೆ ಎಲ್ಲ ತಂಡಗಳ ಅಗತ್ಯ ಗೊತ್ತು, ಯಾವ ತಂಡದ ಗುಟ್ಟಿನ ಮಿತಿಯೂ ಗೊತ್ತಿಲ್ಲ. ನಿಜದ ಮೇಜಿನಲ್ಲಿ ಪ್ರತಿ ಹೆಸರಿನ ಮುಂದೆ ಇಷ್ಟಕ್ಕೆ ನಿಲ್ಲಿಸಬೇಕು ಎಂಬ ಅಂಕಿ ಬರೆದಿರುತ್ತದೆ, ಅವನು ಸಿಗದಿದ್ದರೆ ಮುಂದಿನವನು ಯಾರು ಎಂಬುದೂ ಬರೆದಿರುತ್ತದೆ. ಒಂದು ಹೆಸರು ಕೈತಪ್ಪಿದ ಕೂಡಲೇ ಮುಂದಿನ ಹತ್ತು ಹೆಸರುಗಳ ಬೆಲೆ ಬದಲಾಗುತ್ತದೆ.

ಹಾಗಾಗಿ ಊಹಿಸುವವರು ಒಬ್ಬ ಆಟಗಾರನಿಗೆ ಒಂದೇ ತಂಡ ಬರೆಯುವ ಬದಲು ಮೂರು ತಂಡ ಬರೆದು, ಪ್ರತಿಯೊಂದಕ್ಕೂ ನೂರಕ್ಕೆ ಇಷ್ಟು ಎಂದು ಹಂಚುವುದು ಒಳ್ಳೆಯದು. ಮೊದಲು ಸಾಧ್ಯವೇ ಇಲ್ಲದ ತಂಡಗಳನ್ನು ಹೊಡೆದುಹಾಕಬೇಕು: ಹಣ ಇಲ್ಲದವು, ವಿದೇಶಿಯರ ಜಾಗ ತುಂಬಿದವು, ಅದೇ ಕೆಲಸದ ಆಟಗಾರನನ್ನು ಉಳಿಸಿಕೊಂಡವು. ಹತ್ತರಲ್ಲಿ ಆರು ಹೀಗೆ ಉದುರುತ್ತವೆ. ಬರೆದದ್ದನ್ನು ಹರಾಜಿನ ನಂತರ ತೆರೆದು ಎಲ್ಲಿ ತಪ್ಪಿತು ಎಂದು ನೋಡಿದರೆ ಮುಂದಿನ ವರ್ಷದ ಲೆಕ್ಕ ಹರಿತವಾಗುತ್ತದೆ. ಇದಕ್ಕೆ ಹಣ ಕಟ್ಟುವ ಅಗತ್ಯ ಯಾರಿಗೂ ಇಲ್ಲ. ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ.

ಇಷ್ಟೆಲ್ಲ ಮಾಡಿದರೂ ಹರಾಜಿನ ಹೊರಗೆ ಒಂದು ಬಾಗಿಲು ತೆರೆದೇ ಇರುತ್ತದೆ: ಗಾಯಗೊಂಡವರ ಬದಲಿಗೆ ಬರುವವರ ಬಾಗಿಲು. 2011ರಲ್ಲಿ ಯಾರಿಗೂ ಬೇಡವಾಗಿದ್ದ ಕ್ರಿಸ್ ಗೇಲ್, ಡರ್ಕ್ ನ್ಯಾನೆಸ್ ಗಾಯಗೊಂಡಾಗ ಬೆಂಗಳೂರಿಗೆ ಬಂದು ಆ ಹಂಗಾಮಿನಲ್ಲಿ 608 ರನ್ ಬಾರಿಸಿದರು. 2025ರಲ್ಲಿ ಮತ್ತೆ ಹಾಗೆಯೇ ಆಯಿತು. ಜೆದ್ದಾದಲ್ಲಿ ಹತ್ತು ಮೇಜುಗಳೂ ಮಯಂಕ್ ಅಗರವಾಲ್ ಹೆಸರಿಗೆ ಸುಮ್ಮನಿದ್ದವು. ಮೇ ತಿಂಗಳಲ್ಲಿ ಪಡಿಕ್ಕಲ್ ಗಾಯಗೊಂಡು ಹೊರನಡೆದಾಗ ಬೆಂಗಳೂರು ಮಯಂಕ್ ಅವರನ್ನು ಕರೆಸಿಕೊಂಡಿತು. ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ 6 ರನ್‌ಗಳಿಂದ ಗೆದ್ದು ಬೆಂಗಳೂರು ಹದಿನೆಂಟನೆಯ ಪ್ರಯತ್ನದಲ್ಲಿ ಮೊದಲ ಕಪ್ ಎತ್ತಿತು. ಆ ಪಂದ್ಯಕ್ಕಿಳಿದ ಬೆಂಗಳೂರಿನ ಹನ್ನೊಂದರಲ್ಲಿ ಕರ್ನಾಟಕದವರು ಒಬ್ಬರೇ ಇದ್ದರು, ಮಯಂಕ್ ಅಗರವಾಲ್.